ಲಕ್ಕುಂಡಿಯ ದಾರಿಯಲ್ಲಿ ಹಳೆಯ ಡಸ್ಟರ್

ಗದಗಿನಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿರುವ ಲಕ್ಕುಂಡಿಯು ನಾಡಿನ ಹೆಸರುವಾಸಿಯಾದ ಸ್ಥಳಗಳಲ್ಲೊಂದು. ಶಾಸನಗಳಲ್ಲಿ ಲೊಕ್ಕಿಗುಂಡಿ ಎಂದು ಉಕ್ತವಾದ ಈ ಊರಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಜಿನಾಲಯವನ್ನು ಕಟ್ಟಿಸಿದಳು. ಶರಣ ಅಜಗಣ್ಣ ಮತ್ತು ಆತನ ಸೋದರಿ ಮುಕ್ತಾಯಕ್ಕರ ಊರೂ ಇದೇ ಆದುದರಿಂದ ನಮ್ಮ ಮನೆಗಳ ಹಿರಿಯರಿಗೆ ಲಕ್ಕುಂಡಿಯೆಂದರೆ ವಿಶೇಷ ಗೌರವ. ನೂರೊಂದು ಗುಡಿ, ನೂರೊಂದು ಬಾವಿ ಎಂಬುದು ಈ ಊರಿನ ಬಗೆಗೆ ಜನರಾಡುವ ಮಾತು. ಲಕ್ಕುಂಡಿಯನ್ನು ಕುರಿತು ಬರೆದವರು ಗುಡಿಗಳನ್ನೂ ಬಾವಿಗಳನ್ನೂ ಸಾಕಷ್ಟು ವರ್ಣಿಸಿದ್ದಾರೆ. ಮನೆಯ ವೃದ್ಧರನ್ನು ಅಲ್ಲಿಗೆ ಸುಖವಾಗಿ ಕರೆದೊಯ್ದು ಸುಖವಾಗಿ ಕರೆತರುವ ವಾಹನ ಯಾವುದೆಂಬುದನ್ನು ಬರೆದವರು ವಿರಳ. ಆದ್ದರಿಂದ ಈ ಲೇಖನದಲ್ಲಿ ಊರಿನೊಂದಿಗೆ ವಾಹನದ ವಿಚಾರವನ್ನೂ ಹೇಳಲು ನಾವು ಬಯಸಿದ್ದೇವೆ.

ನಮ್ಮ ಮನೆಯಲ್ಲಿ 2013ರಲ್ಲಿ ಕೊಂಡ ರೆನೋ ಡಸ್ಟರ್ ವಾಹನವಿದೆ. ಈವರೆಗೆ 1,30,000 ಕಿಲೋಮೀಟರ್ ಓಡಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಹಿರಿಯ ಮಗನು, "ಅಪ್ಪಾ, ಕಂಪನಿಯವರು ಈ ಮಾದರಿ ಮಾಡೋದನ್ನೇ ನಿಲ್ಲಿಸ್ಯಾರ. ನಾಕು ದುಡ್ಡು ಬರೋ ಹೊತ್ತಿನ್ಯಾಗ ಮಾರಿಬಿಡೋಣ" ಎಂದು ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದಾನೆ. ಅವನ ಮಾತಿನಲ್ಲಿ ವಿವೇಕವಿಲ್ಲದಿಲ್ಲ. ಆದರೆ ಹೊಸ ವಾಹನವೆಂದರೆ ಸಾಲ. ಸಾಲವೆಂದರೆ ಮಗಳ ವಿದ್ಯಾಭ್ಯಾಸಕ್ಕೆ ತೆಗೆದಿಟ್ಟ ಹಣಕ್ಕೆ ಕೈಹಾಕುವುದು. ಮೇಲಾಗಿ 78 ವರ್ಷದ ನಮ್ಮ ತಾಯಿಯವರಿಗೆ ಮೊಳಕಾಲು ನೋವು. ತಗ್ಗಿನ ಕಾರುಗಳಲ್ಲಿ ಕುಳಿತೇಳುವುದು ಅವರಿಗೆ ಆಗದು. ಕಳೆದ ಶ್ರಾವಣದಲ್ಲಿ ಅವ್ವನವರು ಲಕ್ಕುಂಡಿ, ಡಂಬಳಗಳನ್ನು ನೋಡಬೇಕೆಂದು ಇಚ್ಛಿಸಿದಾಗ, ಮಳೆಗಾಲದ ದಾರಿಯಲ್ಲಿ ಈ ಹಳೆಯ ವಾಹನದ ಬಲಾಬಲವನ್ನೂ ಒರೆಗೆ ಹಚ್ಚಿ ನೋಡುವುದೆಂದು ನಿಶ್ಚಯಿಸಿದೆವು. ಮಗನೂ ರಜೆ ಹಾಕಿ ಬಂದನು.

ಡಸ್ಟರ್ ವಾಹನವು ನಮ್ಮ ದೇಶದ ಪೇಟೆಗೆ ಬಂದುದು 2012ರ ಜುಲೈನಲ್ಲಿ. ಚೆನ್ನೈ ಸಮೀಪದ ಒರಗಡಂ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಮೊದಲ ಮಾದರಿಯ ಉತ್ಪಾದನೆ 2022ರಲ್ಲಿ ನಿಂತಿತು. ಇಂತಹ ವಾಹನಗಳಿಗೆ ಕ್ರಾಸ್‌ಓವರ್ ಎಂಬ ಹೆಸರಿದೆ. ಹೆಸರು ಏನೇ ಇರಲಿ, ತಾತ್ಪರ್ಯವಿಷ್ಟೆ: ಒಡಲು ಕಾರಿನದು, ನಿಲುವು ಜೀಪಿನದು. ಇದರ ಉದ್ದ 4,315 ಮಿಲಿಮೀಟರ್, ಅಗಲ 1,822 ಮಿಲಿಮೀಟರ್. ತಳಭಾಗವು ನೆಲದಿಂದ 205 ಮಿಲಿಮೀಟರ್ ಎತ್ತರದಲ್ಲಿದೆ. ಹೀಗಾಗಿ ಹಳ್ಳಿಯ ದಾರಿಯ ದಿಬ್ಬಗಳು ತಳಕ್ಕೆ ಬಡಿಯುವುದು ಅಪರೂಪ. ಆಸನಗಳು ತೀರ ಎತ್ತರವೂ ಅಲ್ಲ, ತೀರ ತಗ್ಗೂ ಅಲ್ಲ. ಅವ್ವನವರು ಇದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಾರೆ: "ಹತ್ತಾಕ ಏಣಿ ಬ್ಯಾಡ, ಇಳಿಯಾಕ ಬಗ್ಗೂದು ಬ್ಯಾಡ. ನಮ್ಮನಿ ಕಟ್ಟಿ ಮ್ಯಾಲ ಕುಂತಂಗ ಐತಿ."

ಹುಬ್ಬಳ್ಳಿಯಿಂದ ಬೆಳಗಿನ ಆರು ಗಂಟೆಗೆ ಹೊರಟೆವು. ರೊಟ್ಟಿಯ ಬುತ್ತಿ, ನೀರಿನ ಕೊಡ, ಕಂಬಳಿ, ಬೀಗರ ಮನೆಗೆ ಒಯ್ಯುವ ಧಾನ್ಯದ ಚೀಲ, ಮಡಚುವ ಕುರ್ಚಿ ಇವೆಲ್ಲವೂ ಹಿಂದಿನ ಡಿಕ್ಕಿಯಲ್ಲಿ ಸೇರಿದವು. ಡಿಕ್ಕಿಯ ಅಳತೆ 475 ಲೀಟರ್ ಎಂದು ಪುಸ್ತಕದಲ್ಲಿದೆ. ಗೃಹಿಣಿಯರಿಗೆ ಅರ್ಥವಾಗುವಂತೆ ಹೇಳುವುದಾದರೆ, ಐವರ ಎರಡು ದಿನಗಳ ಸಾಮಾನು ಹಿಡಿದು ಮೇಲೆ ಬುತ್ತಿಗೆ ಜಾಗ ಉಳಿಯುತ್ತದೆ. ಅಣ್ಣಿಗೇರಿಯನ್ನು ಹಾಯ್ದು ಗದಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67ರ ಎರಡೂ ಬದಿಗೆ ಎರೆಭೂಮಿ. ಈ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮಣ್ಣು ಉಬ್ಬಿ ಕುಗ್ಗಿದಂತೆ ಅದರ ಮೇಲಿನ ರಸ್ತೆಯೂ ಏರಿಳಿಯುತ್ತದೆ. ಹೆದ್ದಾರಿಯಲ್ಲಿ ಇದು ಅಷ್ಟಾಗಿ ತೋರದಿದ್ದರೂ ಒಳದಾರಿಗಳಲ್ಲಿ ದೋಣಿಯಲ್ಲಿ ಕುಳಿತಂತೆ ಭಾಸವಾಗುತ್ತದೆ. ನಮ್ಮ ಭಾಗದಲ್ಲಿ ವಾಹನದ ನಿಜವಾದ ಪರೀಕ್ಷೆ ವೇಗದಲ್ಲಿಲ್ಲ, ಈ ಏರಿಳಿತವನ್ನು ತಾಳುವ ಬಗೆಯಲ್ಲಿದೆ. ಡಸ್ಟರಿನ ಸಸ್ಪೆನ್ಶನ್ ಈ ವಿಷಯದಲ್ಲಿ ಮೊದಲಿನಿಂದಲೂ ಹೆಸರು ಪಡೆದುದು. ಗುಂಡಿಯೊಳಗೆ ಇಳಿದ ಗಾಲಿಯ ಪೆಟ್ಟು ಬೆನ್ನಿಗೆ ತಾಕದು. ಅವ್ವನವರು ಗದಗಿನವರೆಗೆ ನಿದ್ದೆಹೋದರೆಂಬುದೇ ಇದಕ್ಕೆ ಸಾಕ್ಷಿ.

ಎಂಜಿನ್ನಿನ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ನಮ್ಮದು 1,461 ಘನ ಸೆಂಟಿಮೀಟರಿನ, 85 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಐದು ಗೇರುಗಳುಂಟು. 110 ಅಶ್ವಶಕ್ತಿಯ, ಆರು ಗೇರುಗಳ ಇನ್ನೊಂದು ಬಗೆಯೂ ಇತ್ತು. ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತುವ ಟರ್ಬೊ ಎಂಬ ಚಕ್ರ ಇದರಲ್ಲಿದೆ. ಎಂಜಿನ್ ಮಂದವಾಗಿ ತಿರುಗುವಾಗ ಹೊಗೆಯೂ ಕಡಿಮೆ, ಒತ್ತುವ ಗಾಳಿಯೂ ಕಡಿಮೆ. ನಿಮಿಷಕ್ಕೆ 1,900 ಸುತ್ತು ಮುಟ್ಟಿದಾಗ 200 ನ್ಯೂಟನ್ ಮೀಟರಿನ ಪೂರ್ಣ ಎಳೆತ ಒದಗುತ್ತದೆ. ಲಾರಿಯನ್ನು ಹಿಂದೆ ಹಾಕುವ ಮುನ್ನ ಒಂದು ಗೇರು ಇಳಿಸಿಕೊಳ್ಳಬೇಕೆಂಬುದು ಇದರಿಂದ ತಿಳಿಯಬೇಕಾದ ಪಾಠ. ಸಮಗತಿಯಲ್ಲಿ ಗಂಟೆಗೆ 80 ಕಿಲೋಮೀಟರಿನಂತೆ ಓಡಿಸಿದರೆ ವಾಹನವು ನಿಶ್ಚಲವಾಗಿ ಸಾಗುತ್ತದೆ. ನಮ್ಮ ಆ ದಿನದ ಪ್ರಯಾಣ ಸುಮಾರು 180 ಕಿಲೋಮೀಟರ್. ಲೀಟರಿಗೆ 17ರ ಆಸುಪಾಸು ಬಂದಿತು. ಹೊಸದಿದ್ದಾಗ ಪ್ರಮಾಣಪತ್ರದಲ್ಲಿ 20ಕ್ಕೂ ಮಿಕ್ಕಿ ಹೇಳಿದ್ದರು. ಪ್ರಯೋಗಶಾಲೆಯ ಲೆಕ್ಕ ಬೇರೆ, ಎರೆನಾಡಿನ ದಾರಿಯ ಲೆಕ್ಕ ಬೇರೆ.

ಲಕ್ಕುಂಡಿಯಲ್ಲಿ ಗುಡಿಗಳು ಒಂದೇ ಆವರಣದಲ್ಲಿಲ್ಲ; ಮನೆಗಳ ನಡುವೆ, ಓಣಿಗಳ ತಿರುವಿನಲ್ಲಿ ಹರಡಿಕೊಂಡಿವೆ. ಆ ಓಣಿಗಳಲ್ಲಿ ಈ ವಾಹನದ ಅಗಲ ಹೆಚ್ಚಾಗುತ್ತದೆ, ಮಂದಗತಿಯಲ್ಲಿ ಸ್ಟಿಯರಿಂಗೂ ತುಸು ಭಾರ. ಊರವರ ಚಕ್ಕಡಿ, ದನಕರುಗಳಿಗೆ ಅಡ್ಡಿಯಾಗದಂತೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ನಡೆದು ಹೋಗುವುದೇ ಲೇಸು. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವ ಮತ್ತು ಸೂರ್ಯರ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ಅದರ ಸಮೀಪದಲ್ಲೇ ನನ್ನೇಶ್ವರ ಗುಡಿ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿಯಲಾಗದೆ ಅವ್ವನವರು ಮೇಲೆಯೇ ಮಡಚುವ ಕುರ್ಚಿಯಲ್ಲಿ ಕುಳಿತು ಕೈಮುಗಿದರು.

ಈ ಗುಡಿಗಳ ಕಲ್ಲನ್ನು ನೋಡುತ್ತಿದ್ದಾಗ ನಮಗೊಂದು ವಿಚಾರ ಹೊಳೆಯಿತು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ದೊಡ್ಡ ದೊಡ್ಡ ಬಂಡೆಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದವು. ಲಕ್ಕುಂಡಿಯ ಶಿಲ್ಪಿಗಳು ಬಳಪದ ಕಲ್ಲನ್ನು ಕೈಗೆತ್ತಿಕೊಂಡರು. ಈ ಮೆತ್ತನೆಯ ಕಲ್ಲಿನಿಂದ ಕಟ್ಟಡದ ತುಂಡುಗಳು ಚಿಕ್ಕವಾದವು, ಕೆತ್ತನೆ ನಯವಾಯಿತು. ಈ ಮಾರ್ಪಾಡನ್ನು ಹೆನ್ರಿ ಕಸಿನ್ಸ್ ಎಂಬ ಪುರಾತತ್ತ್ವಜ್ಞರು 1926ರ ತಮ್ಮ ಗ್ರಂಥದಲ್ಲಿ ಗುರುತಿಸಿದ್ದಾರೆ. ಭಾರ ತಗ್ಗಿದರೂ ಗುಡಿಗಳು ಬೀಳಲಿಲ್ಲ. ಸಾವಿರ ವರ್ಷ ನಿಂತಿವೆ. ವಾಹನಗಳಲ್ಲೂ ಇಂಥದೇ ಬದಲಾವಣೆ ನಮ್ಮ ಕಣ್ಣೆದುರಿಗೆ ನಡೆಯಿತು. 1994ರಲ್ಲಿ ಬಂದ ಟಾಟಾ ಸುಮೊ ಮೊದಲಾದವು ಲಾರಿಯಂತೆ ಕಬ್ಬಿಣದ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿದ ವಾಹನಗಳು. ಡಸ್ಟರಿನಂತಹವುಗಳಲ್ಲಿ ಚೌಕಟ್ಟೂ ಒಡಲೂ ಒಂದೇ. ಅದರಿಂದ ಭಾರ ಕಡಿಮೆ, ಓಟ ಹಗುರ, ಒಳಗೆ ಕುಳಿತವರಿಗೆ ಕುಲುಕಾಟ ಕಡಿಮೆ. ಆದರೆ ಸುಮೊದಲ್ಲಿ ಬೀಗರೆಲ್ಲರನ್ನೂ ತುಂಬಿಕೊಂಡು ಹೋದಂತೆ ಇದರಲ್ಲಿ ಹೋಗಲಾಗದು. ಇದು ಐವರ ವಾಹನ. ಬಳಪದ ಕಲ್ಲಿಗೆ ಬಂಡೆಯ ಕೆಲಸ ಹೇಳಬಾರದು.

ಅಲ್ಲಿಂದ ಗದಗಿಗೆ ಮರಳಿ, ಮುಂಡರಗಿಯ ದಾರಿ ಹಿಡಿದು ಡಂಬಳಕ್ಕೆ ಬಂದೆವು. ನಕ್ಷತ್ರಾಕಾರದ ತಳಹದಿಯ ದೊಡ್ಡಬಸಪ್ಪನ ಗುಡಿಯಲ್ಲಿ ದರ್ಶನವಾದ ಮೇಲೆ, ಊರ ಹೊರಗಿನ ಹೊಲಮನೆಯಲ್ಲಿದ್ದ ಸೋದರಮಾವನವರು ಅವ್ವನವರನ್ನು ಕಾಣಲು ಬಯಸಿದರು. ಹೊಲದ ದಾರಿಯೋ ರಾತ್ರಿಯ ಮಳೆಗೆ ನೆನೆದ ಎರೆಮಣ್ಣು. "ಎತ್ತರದ ಗಾಡಿ ಐತಿ, ಹೋಗತೈತಿ ಬಾರಪಾ" ಎಂದು ಮಾವನವರು ಕರೆದರು. ಮಗನೂ ನಮ್ಮ ಮುಖ ನೋಡಿದನು. ನಾವು ಒಪ್ಪಲಿಲ್ಲ. ನಮ್ಮ ವಾಹನದಲ್ಲಿ ಎಂಜಿನ್ನಿನ ಬಲ ಸಿಗುವುದು ಮುಂದಿನ ಎರಡು ಗಾಲಿಗಳಿಗೆ ಮಾತ್ರ. ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಡಸ್ಟರ್ 2014ರಲ್ಲಿ ಬೇರೆಯಾಗಿ ಬಂದಿತ್ತು. ತಳಭಾಗ ಎಷ್ಟೇ ಎತ್ತರವಿದ್ದರೂ, ಎರೆಮಣ್ಣು ಟಯರಿನ ಗೆರೆಗಳಲ್ಲಿ ತುಂಬಿಕೊಂಡರೆ ಗಾಲಿ ಸುಮ್ಮನೆ ಜಾರುತ್ತದೆ. ಮಾವನವರು ನಕ್ಕು ಚಕ್ಕಡಿ ಹೂಡಿಸಿದರು. ಅವ್ವನವರು ಎಷ್ಟೋ ವರ್ಷಗಳ ಮೇಲೆ ಚಕ್ಕಡಿ ಹತ್ತಿ, ತಮ್ಮ ತವರಿನ ಸುದ್ದಿ ಆಡುತ್ತ ಹೋದರು. ನಾವು ಕೆರವು ಕೈಯಲ್ಲಿ ಹಿಡಿದು ಹಿಂದೆ ನಡೆದೆವು.

ಹಳೆಯ ವಾಹನವನ್ನು ಇಟ್ಟುಕೊಳ್ಳುವವರೂ, ಹಳೆಯದನ್ನೇ ಕೊಳ್ಳುವವರೂ ಕೆಲವು ಸಂಗತಿಗಳನ್ನು ಮನಗಾಣಬೇಕು. 2017ರಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಡಸ್ಟರಿಗೆ ದೊಡ್ಡವರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ದೊರೆಯಲಿಲ್ಲ. ಚಾಲಕನ ಏರ್‌ಬ್ಯಾಗ್ ಇದ್ದುದಕ್ಕೆ ಮೂರು ನಕ್ಷತ್ರ ದೊರೆತವು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಕೊಳ್ಳುವವರು ಬಣ್ಣ ನೋಡುವ ಮುನ್ನ ಇದನ್ನು ನೋಡಬೇಕು, ಹಿಂದೆ ಕುಳಿತವರೂ ಪಟ್ಟಿ ಕಟ್ಟಿಕೊಳ್ಳಬೇಕು. ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಹೇಳಿದ ಅವಧಿಗೆ ಬದಲಿಸದೆ ಅದು ಹರಿದರೆ ಎಂಜಿನ್ನೇ ಹಾಳಾಗುತ್ತದೆ. ಇದೇ ವಂಶದ ಎಂಜಿನ್ ನಿಸ್ಸಾನ್ ಸನ್ನಿ, ಟೆರಾನೊ, ಮಹೀಂದ್ರ ವೆರಿಟೊಗಳಲ್ಲೂ ಇದ್ದುದರಿಂದ ಅದರ ಮರ್ಮ ಬಲ್ಲ ಮೆಕ್ಯಾನಿಕರು ನಮ್ಮ ಕಡೆ ಸಿಗುತ್ತಾರೆ.

ದೆಹಲಿಯ ಹಳೆಯ ಡೀಸೆಲ್ ವಾಹನಗಳ ಮೇಲಿನ 10 ವರ್ಷದ ನಿರ್ಬಂಧವನ್ನು ಓದಿ ನಮ್ಮವರು ಗಾಬರಿಯಾಗುವುದುಂಟು. ಅದು ರಾಜಧಾನಿ ಪ್ರದೇಶದ ಮಾತು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ, ಬಳಿಕ ಆರ್.ಟಿ.ಓ. ಕಚೇರಿಯಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕವನ್ನು 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದ್ದುಂಟು. ವಿಮೆ, ಹೊಗೆ ತಪಾಸಣೆಗಳು ಬೇರೆ. ಈ ಖರ್ಚನ್ನೆಲ್ಲ ಕೂಡಿಸಿ, ಹೊಸ ಸಾಲದ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಮಾರುವ, ಉಳಿಸಿಕೊಳ್ಳುವ ಮಾತನ್ನು ತೆಗೆಯಬೇಕು.

ಮರಳಿ ಬಂದ ಮರುದಿನ ಮಗನೇ ಕಾಗದದ ಮೇಲೆ ಆ ಲೆಕ್ಕ ಹಾಕಿದನು. ನಮ್ಮ ವಾಹನದ ನೋಂದಣಿ 2028ರವರೆಗೆ ಇದೆ. ಅಲ್ಲಿಯವರೆಗೆ ಉಳಿಸಿಕೊಳ್ಳುವುದೆಂದೂ, ಈ ವರ್ಷ ನಾಲ್ಕೂ ಟಯರುಗಳನ್ನು ಬದಲಿಸುವುದೆಂದೂ, ತಂಗಿಯ ವಿದ್ಯಾಭ್ಯಾಸದ ಹಣವನ್ನು ಮುಟ್ಟಬಾರದೆಂದೂ ತೀರ್ಮಾನವಾಯಿತು. ಆ ತೀರ್ಮಾನ ಎಲ್ಲರಿಗೂ ಹೊಂದಬೇಕೆಂದಿಲ್ಲ. ನಿತ್ಯ ದೂರ ಓಡಾಡುವವರಿಗೂ, ಎಳೆಯ ಮಕ್ಕಳಿರುವವರಿಗೂ ಹೊಸ ವಾಹನಗಳ ಹೆಚ್ಚಿನ ರಕ್ಷಣೆ ಅವಶ್ಯವೆನಿಸಬಹುದು. ತಮ್ಮ ದಾರಿ ಯಾವುದು, ಒಳಗೆ ಕುಳಿತುಕೊಳ್ಳುವವರು ಯಾರು ಎಂಬುದನ್ನು ನೋಡಿ ಆಯಾ ಮನೆಯವರು ನಿರ್ಧರಿಸುವುದು ಯೋಗ್ಯ.

ಲಕ್ಕುಂಡಿಗೆ ಹೋಗಬಯಸುವ ಬಂಧುಗಳು ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮುನ್ನ ಗುಡಿಗಳನ್ನು ನೋಡಬಹುದು. ವೃದ್ಧರಿದ್ದರೆ ಒಂದು ಮಡಚುವ ಕುರ್ಚಿಯನ್ನು ಮರೆಯದೆ ಜೊತೆಗೊಯ್ಯಿರಿ. ಗುಡಿಯಿಂದ ಗುಡಿಗೆ ನಡೆಯುವ ದಾರಿ ಕಣ್ಣಿಗೆ ಕಂಡದ್ದಕ್ಕಿಂತ ಉದ್ದವಾಗಿದೆ.