ಟ್ರಾನ್ಸಿಸ್ಟರಿನ ಹೊಸ್ತಿಲು

ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಆರಂಭಗೊಂಡದ್ದು 1947ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಮೊದಲ ಟ್ರಾನ್ಸಿಸ್ಟರನ್ನು ರೂಪಿಸಿದರು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದಿತು. ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಮನೆಮನೆಗೆ ಮುಟ್ಟಿಸಿದ ಬಾನುಲಿ ಪೆಟ್ಟಿಗೆಗಳಲ್ಲಿ ಕ್ರಮೇಣ ಗಾಜಿನ ವಾಲ್ವುಗಳ ಸ್ಥಾನವನ್ನು ಈ ಪುಟ್ಟ ವಸ್ತುವೇ ಪಡೆಯಿತು.

ಆದರೆ ಅದರ ಹೊಸ್ತಿಲನ್ನು, ಅಂದರೆ ಒಳಬರುವ ಸಂಕೇತಕ್ಕೆ ಅದು ಒಡ್ಡುವ ಆದಾನ ರೋಧವನ್ನು, ಅರಿತು ಕಲಿತವರು ವಿರಳ. ವಿದ್ಯಾರ್ಥಿಗಳು ಸೂತ್ರವನ್ನು ಕಂಠಪಾಠ ಮಾಡಿ, ಒಳಗೆಲ್ಲೋ ಒಂದು ರೋಧಕ ಕುಳಿತಿದೆಯೆಂದೇ ಭಾವಿಸುತ್ತಾರೆ. ಟ್ರಾನ್ಸಿಸ್ಟರನ್ನು ಒಡೆದು ನೋಡಿದರೂ ಅದು ದೊರೆಯದು. ಗುಡ್ಡದ ದಾರಿಯ ಏರು ನಿಂತ ಜಾಗಕ್ಕೊಂದು ಬಗೆಯಾಗಿರುವಂತೆ, ಈ ರೋಧವು ಹರಿಯುತ್ತಿರುವ ಪ್ರವಾಹಕ್ಕೆ ತಕ್ಕಂತೆ ಬದಲಾಗುವ ಇಳಿಜಾರು ಮಾತ್ರ. 1954ರಲ್ಲಿ ಜಾಕೊಲೆಟ್ಟೊ ಪ್ರಕಟಿಸಿದ ಹೈಬ್ರಿಡ್-ಪೈ ಪ್ರತಿರೂಪದ ತಿರುಳೂ ಇದೇ. ಸಾಮಾನ್ಯ ಉಷ್ಣತೆಯಲ್ಲಿ 26 ಮಿಲಿವೋಲ್ಟನ್ನು 1 ಮಿಲಿಆಂಪಿಯರಿನಿಂದ ಭಾಗಿಸಿದರೆ ಉತ್ಸರ್ಜಕದ ಕಡೆಯಿಂದ ಕಾಣುವ ರೋಧ 26 ಓಮ್. ಪ್ರವಾಹ ವರ್ಧನೆ 100 ಇದ್ದರೆ ಆಧಾರದ ಕಡೆಯಿಂದ ಸುಮಾರು 2,600. ಪ್ರವಾಹವನ್ನು ಹತ್ತರಲ್ಲೊಂದು ಪಾಲಿಗಿಳಿಸಿ, ವರ್ಧನೆ ಅಷ್ಟೇ ಉಳಿದರೆ, 26,000.

ಲೆಕ್ಕದಲ್ಲಿರುವ ‘ಸಣ್ಣ ಸಂಕೇತ’ವೆಂಬ ಮಾತು ಅಲಂಕಾರವಲ್ಲ. ಸಂಕೇತ ಹತ್ತು ಮಿಲಿವೋಲ್ಟಿನ ಆಸುಪಾಸು ಮುಟ್ಟಿತೆಂದರೆ ಇಳಿಜಾರಿನ ವಕ್ರತೆ ತಲೆಯೆತ್ತಿ, ಸ್ವರ ಕೆಡುತ್ತದೆ. ವಚನ ಹಾಡುವ ಬಾಲಕಿಯ ಮುಂದಿನ ಸುರುಳಿ ಮೈಕಿಗೆ ಈ ಹೊಸ್ತಿಲು ಸಾಕು; ಅದರ ರೋಧ ಕೆಲವು ನೂರು ಓಮ್, ಸಂಕೇತ ಕೆಲವೇ ಮಿಲಿವೋಲ್ಟು. ಹಳೆಯ ಗ್ರಾಮಫೋನಿನ ಸ್ಫಟಿಕದ ಸೂಜಿತಲೆಗೆ ಮಾತ್ರ ಅದು ಇಕ್ಕಟ್ಟು. ಸಂಕೇತವೆಲ್ಲ ಬಾಗಿಲಲ್ಲೇ ಸೊರಗುತ್ತದೆ, ಮಂದ್ರಸ್ವರಗಳು ಎಲ್ಲಕ್ಕಿಂತ ಮೊದಲು. ಉತ್ಸರ್ಜಕಕ್ಕೆ ಸಾವಿರ ಓಮಿನ ರೋಧಕ ಜೋಡಿಸಿದರೆ ಹೊಸ್ತಿಲು ಲಕ್ಷ ಓಮಿಗೇರುತ್ತದೆ. ವೋಲ್ಟೇಜಿನ ವರ್ಧನೆ ಕುಗ್ಗುವುದು ಅದಕ್ಕೆ ತೆರುವ ಬೆಲೆ. ಇಷ್ಟಾದರೂ, ಆಧಾರದ ಬಳಿ ಹತ್ತು ಸಾವಿರ ಓಮಿನ ರೋಧಕವನ್ನು ಇಟ್ಟಿದ್ದರೆ ಒಟ್ಟು ಒಂಬತ್ತು ಸಾವಿರಕ್ಕೆ ಕುಸಿಯುತ್ತದೆ. ಪಠ್ಯಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುವುದು ಅನ್ಯಾಯವೇ ಸರಿ.

ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ಅಳೆದೇ ತೋರಿಸಬಹುದು. ಅತ್ಯಲ್ಪ ರೋಧದ ಸಂಕೇತ ಮೂಲಕ್ಕೂ ವರ್ಧಕಕ್ಕೂ ನಡುವೆ ಹೊಂದಿಸಬಲ್ಲ ರೋಧಕವೊಂದನ್ನಿಟ್ಟು, ಹೊರಬರುವ ಸಂಕೇತ ಅರ್ಧಕ್ಕಿಳಿಯುವವರೆಗೆ ತಿರುಗಿಸಬೇಕು. ಆಗ ಆ ರೋಧಕದ ಬೆಲೆಯೇ ಆದಾನ ರೋಧ. ಪ್ರವಾಹವನ್ನು ಬದಲಿಸಿ ಮತ್ತೆ ಅಳೆದರೆ ಬೇರೆಯೇ ಅಂಕಿ ಬರುತ್ತದೆ. ಕಾರಣವೇನೆಂದು ಮಕ್ಕಳೇ ಕೇಳುತ್ತಾರೆ.