ಜನವರಿ 6ರ ಕ್ರಿಸ್‌ಮಸ್

ಕೋಲ್ಕತ್ತಾದ ಬಡಾಬಜಾರಿನಲ್ಲಿ ನಡೆಯುವವನಿಗೆ ತನ್ನ ವೇಗ ಅಂತ ಒಂದಿರುವುದಿಲ್ಲ. ಎದುರಿಗೆ ತಲೆಯ ಮೇಲೆ ಮೂಟೆ ಹೊತ್ತ ಹಮಾಲರು, ಹಿಂದಿನಿಂದ ಕೈಗಾಡಿ, ಪಕ್ಕದಲ್ಲಿ ಗೋಡೆಯೆತ್ತರಕ್ಕೆ ಪೇರಿಸಿಟ್ಟ ಸರಕು. ಬ್ರಾಬೋರ್ನ್ ರಸ್ತೆಯಲ್ಲಿ ಯಹೂದಿಗಳ ಮಾಘೆನ್ ಡೇವಿಡ್ ಸಿನಗಾಗ್, ಪೋರ್ಚುಗೀಸರ ಚರ್ಚು ಎರಡೂ ಹತ್ತಿರ ಹತ್ತಿರವೇ ನಿಂತಿವೆ. ಅಲ್ಲಿಂದ ಆರ್ಮೇನಿಯನ್ ಸ್ಟ್ರೀಟಿನ ಗದ್ದಲಕ್ಕೆ ಹೊಕ್ಕು, ವ್ಯಾಪಾರಿಗಳ ನಡುವೆ ಅಡಗಿರುವ ಒಂದು ಗೇಟು ದಾಟಿದೆ. ಸದ್ದು ಹಿಂದೆಯೇ ಉಳಿಯಿತು. ಒಳಗೆ ಬಿಳಿ ಗೋಡೆಯ ಚರ್ಚು, ಗಡಿಯಾರದ ಗೋಪುರ, ಅಂಗಳದ ತುಂಬ ಗೋರಿಕಲ್ಲುಗಳು. ಕಾಲಿಡಲು ಜಾಗ ಹುಡುಕಿದೆ. ಹಾಸುಗಲ್ಲೆಂದುಕೊಂಡವೆಲ್ಲ ಯಾರದೋ ಹೆಸರು ಹೊತ್ತವು. ಅರ್ಮೇನಿಯನ್ನರ ಈ ಚರ್ಚು ಊರಿನಲ್ಲೇ ಅತಿ ಹಳೆಯದು. ಇಲ್ಲಿದ್ದ ಮರದ ಪ್ರಾರ್ಥನಾಲಯ ಬೆಂಕಿಗೆ ಆಹುತಿಯಾದ ಮೇಲೆ 1724ರಲ್ಲಿ ಕಟ್ಟಿದ್ದು.

ಆ ಕಲ್ಲುಗಳಲ್ಲೊಂದು ರೆಜಾಬೀಬೆ ಎಂಬ ಹೆಂಗಸಿನದು, ದಾನಿ ಸೂಕಿಯಾಸನ ಮಡದಿ. ಅದರ ಮೇಲಿನ ಇಸವಿ 1630. ಇಂಗ್ಲಿಷ್ ಕಂಪನಿಯ ಜಾಬ್ ಚಾರ್ನಾಕ್ ಮುಂದೆ ಕಲ್ಕತ್ತೆಯಾದ ಸುತಾನುತಿಯ ದಡಕ್ಕಿಳಿದದ್ದು 1690ರಲ್ಲಿ. ಈ ಕಲ್ಲು ಮೊದಲಿನಿಂದಲೂ ಇಲ್ಲೇ ಇತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ಇರಲಿ. ಇಂಗ್ಲಿಷರು ಬರುವ ಮೊದಲೇ ಅರ್ಮೇನಿಯನ್ನರು ಬಂಗಾಳದಲ್ಲಿ ವ್ಯಾಪಾರ ಮಾಡುತ್ತಿದ್ದರು ಎಂಬುದರಲ್ಲಿ ತಕರಾರಿಲ್ಲ. 1604-05ರಲ್ಲಿ ಪರ್ಷಿಯಾದ ಶಾ ಅಬ್ಬಾಸ್ ಅರಸ್ ನದಿಯ ದಡದ ಜುಲ್ಫಾದಿಂದ ಅರ್ಮೇನಿಯನ್ನರನ್ನು ಒಕ್ಕಲೆಬ್ಬಿಸಿ ಇಸ್ಫಹಾನಿಗೆ ಸಾಗಿಸಿದ. ಅವರು ಅಲ್ಲಿ ಕಟ್ಟಿದ ಹೊಸ ಜುಲ್ಫಾದಿಂದ ಹೊರಟ ವರ್ತಕರು ರೇಷ್ಮೆ, ರತ್ನಗಳ ಬೆನ್ನು ಹತ್ತಿ ಸೂರತ್, ಆಗ್ರಾ, ಮದ್ರಾಸು, ಹೂಗ್ಲಿ ಎಲ್ಲೆಡೆ ನೆಲೆಯೂರಿದರು. ಮೊಘಲ್ ದರ್ಬಾರಿನ ಭಾಷೆ, ರೀತಿ ರಿವಾಜು ಬಲ್ಲವರು ಅವರು. ಈಸ್ಟ್ ಇಂಡಿಯಾ ಕಂಪನಿಯ ನಿಯೋಗ ಬಾದಶಹ ಫರ್ರುಖ್‌ಸಿಯರ್‌ನ ಬಳಿ ಹೋದಾಗ ಜೊತೆಗಿದ್ದವನು ಖೋಜಾ ಸರ್ಹದ್ ಎಂಬ ಅರ್ಮೇನಿಯನ್. ಆ ನಿಯೋಗ 1717ರಲ್ಲಿ ತಂದ ಫರ್ಮಾನು ಮುಂದೆ ಬಂಗಾಳದ ಹಣೆಬರಹವನ್ನೇ ತಿದ್ದಿತು.

ಆದರೆ ನಾನು ಹೋದದ್ದು ಗೋರಿ ನೋಡಲಿಕ್ಕಲ್ಲ, ಹಬ್ಬ ನೋಡಲಿಕ್ಕೆ. ಅರ್ಮೇನಿಯನ್ನರ ಕ್ರಿಸ್‌ಮಸ್ ಜನವರಿ 6ಕ್ಕೆ. ಯೇಸುವಿನ ಜನನ ಮತ್ತು ದೀಕ್ಷಾಸ್ನಾನ ಎರಡನ್ನೂ ಒಂದೇ ದಿನ ಆಚರಿಸುವುದು ಹಿಂದಿನ ಪದ್ಧತಿ. ಉಳಿದವರು ಜನನವನ್ನು ಡಿಸೆಂಬರ್ 25ಕ್ಕೆ ಒಯ್ದರು, ಇವರು ಕದಲಲಿಲ್ಲ. ಅಂದು ಪಾರ್ಕ್ ಸ್ಟ್ರೀಟಿನ ಡಿಸೆಂಬರ್ ಸಂಭ್ರಮವೆಲ್ಲ ಮುಗಿದಿರುತ್ತದೆ, ಬಡಾಬಜಾರಿನಲ್ಲಿ ಎಂದಿನ ವ್ಯಾಪಾರ. ಗೋಡೆಯ ಈಚೆ ಮಾತ್ರ ಬೇರೆಯದೇ ಕಾಲ. ತಲೆಗೆ ವಸ್ತ್ರ ಹೊದ್ದ ಹೆಂಗಸರು, ಧೂಪದ ಹೊಗೆ, ಪ್ರಾಚೀನ ಅರ್ಮೇನಿಯನ್ ಭಾಷೆಯ ಪ್ರಾರ್ಥನೆ, ಅದನ್ನು ಹಾಡುವ ಎಳೆಯ ದನಿಗಳು. ಆ ಭಾಷೆಯ ಲಿಪಿಯನ್ನು ಮೆಸ್ರೋಪ್ ಮಶ್ತೋತ್ಸ್ ಎಂಬ ಸನ್ಯಾಸಿ ರೂಪಿಸಿದ್ದು 5ನೆಯ ಶತಮಾನದ ಆರಂಭದಲ್ಲಿ. ನಮ್ಮ ಹಲ್ಮಿಡಿ ಶಾಸನದ ಶತಮಾನವೂ ಅದೇ ಎಂದು ಕುಳಿತಲ್ಲೇ ನೆನಪಾಗಿ ಮೈ ನವಿರೆದ್ದಿತು.

ಪೂಜೆಯ ಕೊನೆಗೆ ನೀರಿನ ಆಶೀರ್ವಾದ. ಪಾದ್ರಿ ಶಿಲುಬೆಯನ್ನು ನೀರಿಗಿಳಿಸಿ, ಆ ನೀರಿಗೆ ಮ್ಯುರಾನ್ ಎಂಬ ಪವಿತ್ರ ತೈಲದ ಹನಿಗಳನ್ನು ಬೀಳಿಸಿದರು. ಈ ತೈಲ ತಯಾರಾಗುವುದು ಅರ್ಮೇನಿಯಾದ ಎಚ್ಮಿಯಾದ್ಜಿನ್ ಎಂಬ ಧರ್ಮಪೀಠದಲ್ಲಿ, ಸಾಮಾನ್ಯವಾಗಿ ಏಳು ವರ್ಷಕ್ಕೊಮ್ಮೆ. ಆಲಿವ್ ಎಣ್ಣೆಗೆ ನಲವತ್ತಕ್ಕೂ ಹೆಚ್ಚು ಬಗೆಯ ಹೂವು, ಬೇರು, ಸುಗಂಧಗಳು ಸೇರುತ್ತವೆ. ಹಾಲಿಗೆ ಹೆಪ್ಪು ಹಾಕಿದಂತೆ, ಹಿಂದಿನ ತೈಲದ ಒಂದಂಶವನ್ನು ಪ್ರತಿ ಸಲವೂ ಹೊಸದಕ್ಕೆ ಬೆರೆಸುತ್ತಾರೆ. ಯಾವ ಶತಮಾನದ್ದೋ ಒಂದು ಕಣ ಹೂಗ್ಲಿ ದಂಡೆಯ ಈ ಓಣಿಯವರೆಗೂ ಬಂದಿರಬಹುದಲ್ಲ! ಆ ನೀರನ್ನು ಎಲ್ಲರಿಗೂ ಹಂಚಿದರು. ಕೆಲವರು ಮನೆಗೂ ತುಂಬಿಸಿಕೊಂಡರು.

ಒಂದು ಕಾಲಕ್ಕೆ ಈ ಊರಿನ ಹಲವು ದೊಡ್ಡ ಕಟ್ಟಡಗಳನ್ನು ಕಟ್ಟಿಸಿದವರು ಈ ಅರ್ಮೇನಿಯನ್ನರು. ಗ್ರ್ಯಾಂಡ್ ಹೋಟೆಲನ್ನು ಬೆಳೆಸಿದವನು ಅರಾಥೂನ್ ಸ್ಟೀಫನ್. ನಿಜಾಂ ಪ್ಯಾಲೇಸ್ ಎಂದು ಇಂದು ಕರೆಯುವ ಮಹಲು ಗಾಲ್‌ಸ್ಟನ್ ಎಂಬ ಶ್ರೀಮಂತನದಾಗಿತ್ತು. ಅಂಥ ಮನೆತನಗಳ ಬಹುಪಾಲು ಮಂದಿ ಸ್ವಾತಂತ್ರ್ಯದ ನಂತರ ಆಸ್ಟ್ರೇಲಿಯಾ, ಇಂಗ್ಲೆಂಡು ಸೇರಿದರು. ಉಳಿದವರು ಬೆರಳೆಣಿಕೆ. ಹಾಗಾದರೆ ಚರ್ಚಿನಲ್ಲಿ ಹಾಡುತ್ತಿದ್ದ ಆ ಎಳೆಯ ಗಂಟಲುಗಳು ಯಾರವು?

ಅದರ ಉತ್ತರ ಮಿರ್ಜಾ ಗಾಲಿಬ್ ಸ್ಟ್ರೀಟಿನಲ್ಲಿದೆ. ಅಲ್ಲಿನ ಅರ್ಮೇನಿಯನ್ ಕಾಲೇಜು ಹೆಸರಿಗೆ ಕಾಲೇಜು, ನಿಜದಲ್ಲಿ ಶಾಲೆ, ಆರಂಭವಾದದ್ದು 1821ರಲ್ಲಿ. ಈಗದು ಇರುವ ಜಾಗದಲ್ಲೇ 1811ರಲ್ಲಿ ಕಾದಂಬರಿಕಾರ ಥ್ಯಾಕರೆ ಹುಟ್ಟಿದ್ದು. ಅರ್ಮೇನಿಯಾ, ಇರಾನ್, ಇರಾಕ್‌ಗಳಿಂದ ಮಕ್ಕಳು ಬಂದು ಇಲ್ಲಿನ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಊಟ, ವಸತಿ, ಪಾಠ ಎಲ್ಲಕ್ಕೂ ಹಿಂದಿನ ವರ್ತಕರು ಬಿಟ್ಟುಹೋದ ದತ್ತಿಯೇ ಆಧಾರ. ತಾಯ್ನುಡಿ ಕಲಿಯುತ್ತಾರೆ, ಇಂಗ್ಲಿಷ್ ಕಲಿಯುತ್ತಾರೆ, ಮೈದಾನಕ್ಕಿಳಿದು ರಗ್ಬಿ ಆಡುತ್ತಾರೆ. ಕೋಲ್ಕತ್ತಾದ ರಗ್ಬಿ ಚರಿತ್ರೆಯಲ್ಲಿ ಈ ಶಾಲೆಗೆ ದೊಡ್ಡ ಹೆಸರಿದೆ. ಭಾನುವಾರ, ಹಬ್ಬ ಹರಿದಿನಗಳಲ್ಲಿ ಚರ್ಚಿನ ಬೆಂಚು ತುಂಬಿಸುವವರು ಇವರೇ. ಸಂಪತ್ತನ್ನು ಮಹಲುಗಳಿಗೆ ಸುರಿದವರನ್ನು ಎಲ್ಲೆಡೆ ಕಂಡಿದ್ದೇನೆ. ತಮ್ಮ ವಂಶ ಊರು ಬಿಟ್ಟ ಮೇಲೂ ತಮ್ಮ ಭಾಷೆಯ ಹಾಡು ಇಲ್ಲಿ ನಿಲ್ಲದಂತೆ ವ್ಯವಸ್ಥೆ ಮಾಡಿಹೋದ ಈ ಜನರ ದೂರದೃಷ್ಟಿ ನನಗೆ ಯಾವ ಮಹಲಿಗಿಂತಲೂ ದೊಡ್ಡದಾಗಿ ಕಂಡಿತು.

ವರ್ಷದ ಉಳಿದ ದಿನಗಳಿಗೂ ಅವುಗಳದೇ ಕ್ರಮವಿದೆ. ಜನವರಿಯಲ್ಲಿ ಎಲ್ಲರೂ ಕೂಡಿ ಹೂಗ್ಲಿ ದಂಡೆಯ ಚುಂಚುರಾಕ್ಕೆ ಹೊರಡುತ್ತಾರೆ. 1695ರಲ್ಲಿ ಕಟ್ಟಲಾರಂಭಿಸಿದ ಸ್ನಾನಿಕ ಯೋಹಾನನ ಚರ್ಚು ಅಲ್ಲಿದೆ. ಏಪ್ರಿಲ್ 24 ಬಂದರೆ 1915ರ ಅರ್ಮೇನಿಯನ್ನರ ನರಮೇಧದಲ್ಲಿ ಸತ್ತವರ ಸ್ಮರಣೆ. ಆಗಸ್ಟಿನಲ್ಲಿ ಮಾತೆ ಮರಿಯಳ ಹಬ್ಬ, ಅಂದು ದ್ರಾಕ್ಷಿಗೆ ಆಶೀರ್ವಾದ.

ಕನ್ನಡಿಗರಾದ ನಮಗೂ ಇವರಿಗೂ ಒಂದು ನಂಟಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ದೇಶವನ್ನೇ ಬೆರಗಾಗಿಸಿದ ಗೌಹರ್ ಜಾನ್ ಅರ್ಮೇನಿಯನ್ ತಂದೆಯ ಮಗಳು, ಹುಟ್ಟುಹೆಸರು ಏಂಜೆಲಿನಾ. ಇಳಿವಯಸ್ಸಿನಲ್ಲಿ ಆಕೆಗೆ ಆಸರೆ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1928ರಲ್ಲಿ ಅರಮನೆಯ ಗಾಯಕಿಯಾಗಿ ಮೈಸೂರಿಗೆ ಬಂದ ಆಕೆ 1930ರ ಜನವರಿ 17ರಂದು ಅಲ್ಲೇ ತೀರಿಕೊಂಡಳು.

ಹೊಸ ವರ್ಷಕ್ಕೆ ಕೋಲ್ಕತ್ತಾ ನೋಡಲು ಹೋಗುವವರು ದಯವಿಟ್ಟು 6ನೆಯ ತಾರೀಖಿನವರೆಗೆ ಉಳಿಯಿರಿ. ಆ ಬೆಳಿಗ್ಗೆ ಬಡಾಬಜಾರಿನ ಗದ್ದಲ ದಾಟಿ ಗೇಟಿನ ಬಳಿ ಅನುಮತಿ ಕೇಳಿ, ಹಿಂದಿನ ಬೆಂಚಿನಲ್ಲಿ ಕುಳಿತು ಆ ಮಕ್ಕಳು ಹಾಡುವುದನ್ನು ಕೇಳಿ ಬನ್ನಿ.