ಕೊಲೆಸ್ಟೆರಾಲ್: ಅಂಕಿಯನ್ನು ಓದುವ ವಿವೇಕ

ಇಂದು ನಮ್ಮ ಸಮಾಜದ ಯಾವ ಮನೆಗೆ ಹೋದರೂ ಕಪಾಟಿನ ಮೇಲೆಯೋ ಗೋಡೆಯ ಗೂಡಿನಲ್ಲಿಯೋ ರಕ್ತಪರೀಕ್ಷೆಯ ವರದಿಗಳ ಒಂದು ಕಟ್ಟು ಕಾಣಸಿಗುತ್ತದೆ. ಸಕ್ಕರೆಯ ಅಂಕಿಗಳನ್ನು ಓದುವುದನ್ನು ನಮ್ಮ ತಾಯಂದಿರು ಬಹುಮಟ್ಟಿಗೆ ಕಲಿತಿದ್ದಾರೆ. ರಕ್ತದೊತ್ತಡದ ಎರಡು ಅಂಕಿಗಳೂ ಎಲ್ಲರ ಬಾಯಲ್ಲಿವೆ. ಆದರೆ ‘ಲಿಪಿಡ್ ಪ್ರೊಫೈಲ್’ ಎಂಬ ಶೀರ್ಷಿಕೆಯ, ಐದಾರು ಸಾಲುಗಳ ಹಾಳೆ ಕೈಗೆ ಬಂದಾಗ ವಿದ್ಯಾವಂತರೂ ತಡವರಿಸುತ್ತಾರೆ. ಕೆಲವರು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯನ್ನು ಕಂಡು ಅಂಜುತ್ತಾರೆ; ಕೆಲವರು ದಪ್ಪಕ್ಷರ ಒಂದೂ ಇಲ್ಲವೆಂದು ನಿಶ್ಚಿಂತರಾಗುತ್ತಾರೆ. ಆ ಅಂಜಿಕೆಗೂ ಈ ನಿಶ್ಚಿಂತೆಗೂ ಅನೇಕ ವೇಳೆ ಆಧಾರವಿರುವುದಿಲ್ಲ.

ನಾನು ವೈದ್ಯನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ, ಗ್ರಂಥಗಳ ಅರ್ಥವನ್ನು ಬಿಡಿಸಿ ಹೇಳುವ ಕಾಯಕದಲ್ಲಿಯೇ ಆಯುಷ್ಯ ಕಳೆದವನು. ಅರವತ್ತೆರಡನೆಯ ವಯಸ್ಸಿನಲ್ಲಿ ಅಂಥದೊಂದು ಹಾಳೆ ನನ್ನ ಕೈಗೂ ಬಂದಾಗ, ಅದನ್ನೂ ಒಂದು ಗ್ರಂಥದಂತೆ ಸಾಲು ಸಾಲಾಗಿ ಅರಿತು ಓದಬೇಕೆನಿಸಿತು. ವೈದ್ಯರಿಂದ ಕೇಳಿಯೂ ಓದಿಯೂ ತಿಳಿದುದನ್ನು ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನನ್ನ ಹಾಳೆಯಲ್ಲಿದ್ದ ಅಂಕಿಗಳು ಇವು: ಒಟ್ಟು ಕೊಲೆಸ್ಟೆರಾಲ್ 248, ಟ್ರೈಗ್ಲಿಸರೈಡ್ 190, ಎಚ್.ಡಿ.ಎಲ್. 38, ಎಲ್.ಡಿ.ಎಲ್. 172. ಇವೆಲ್ಲ ಒಂದು ಡೆಸಿಲೀಟರ್, ಎಂದರೆ ನೂರು ಮಿಲಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂ ಲೆಕ್ಕ. ನನ್ನ ಮನೆಯವರು ಹಾಳೆಯನ್ನು ನೋಡಿ, “ನಮ್ಮ ಮನ್ಯಾಗ ತತ್ತಿ ಸೈತ ಬರೂದಿಲ್ಲ, ಈ ಕೊಬ್ಬು ಎಲ್ಲಿಂದ ಬಂತ್ರೀ?” ಎಂದು ಬೆರಗಾದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ತಲೆಮಾರುಗಳಿಂದ ಶಾಕಾಹಾರವನ್ನೇ ನಡೆಸಿಕೊಂಡು ಬಂದ ನಮ್ಮ ಸಮಾಜದ ಪ್ರಶ್ನೆ. ಮಾಂಸ ಮುಟ್ಟದವರಿಗೆ ಹೃದಯದ ಕಾಯಿಲೆ ಬಾರದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ.

ಉತ್ತರ ಸರಳವಾಗಿದೆ. ಕೊಲೆಸ್ಟೆರಾಲ್ ಮೇಣದಂತಹ ಒಂದು ವಸ್ತು. ಅದು ವಿಷವಲ್ಲ, ಅದಿಲ್ಲದೆ ದೇಹ ನಡೆಯದು. ಪ್ರತಿ ಜೀವಕೋಶದ ಹೊದಿಕೆಗೆ ಅದು ಬೇಕು; ಪಿತ್ತರಸಕ್ಕೆ, ಕೆಲವು ಹಾರ್ಮೋನುಗಳಿಗೆ, ಡಿ ಜೀವಸತ್ವಕ್ಕೆ ಅದೇ ಮೂಲದ್ರವ್ಯ. ಇಷ್ಟು ಅವಶ್ಯಕವಾದುದನ್ನು ದೇಹವು ಊಟವನ್ನೇ ನಂಬಿ ಕುಳಿತುಕೊಳ್ಳದೆ ತಾನೇ ತಯಾರಿಸಿಕೊಳ್ಳುತ್ತದೆ. ಈ ಕೆಲಸದಲ್ಲಿ ಯಕೃತ್ತಿನದು ಪ್ರಧಾನ ಪಾತ್ರ. ಆದ್ದರಿಂದ ತತ್ತಿ, ಮಾಂಸ ಮುಟ್ಟದವನ ರಕ್ತದಲ್ಲಿಯೂ ಅದು ಹೆಚ್ಚಾಗಬಹುದು. ಯಕೃತ್ತು ರಕ್ತದಿಂದ ಅದನ್ನು ಮರಳಿ ಸೆಳೆದುಕೊಳ್ಳುವ ಶಕ್ತಿ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ತುಪ್ಪ, ಬೆಣ್ಣೆ, ಕೆನೆ, ಕೊಬ್ಬರಿ ಎಣ್ಣೆ, ವನಸ್ಪತಿಗಳಲ್ಲಿರುವ ಗಟ್ಟಿ ಕೊಬ್ಬು ಆ ಶಕ್ತಿಯನ್ನು ಇನ್ನಷ್ಟು ತಗ್ಗಿಸುತ್ತದೆ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯದಿಂದಲೂ ಅಂಕಿ ಏರುತ್ತದೆ. ಆದ್ದರಿಂದ ವೈದ್ಯರು ಅದನ್ನೂ ಪರೀಕ್ಷಿಸುವುದುಂಟು. ಹಾಗಾಗಿ ಏರಿದ ಅಂಕಿ ಯಾರ ಆಚಾರಕ್ಕೂ ಕಳಂಕವಲ್ಲ. ಯಾರೂ ಅದನ್ನು ಮುಚ್ಚಿಡಬೇಕಾಗಿಲ್ಲ.

ಇನ್ನು ಸಾಲುಗಳ ಅರ್ಥ. ಕೊಬ್ಬು ನೀರಿನಲ್ಲಿ ಕರಗದು. ಆದ್ದರಿಂದ ರಕ್ತದಲ್ಲಿ ಅದನ್ನು ಹೊತ್ತೊಯ್ಯಲು ವಾಹನಗಳು ಬೇಕು. ಎಲ್.ಡಿ.ಎಲ್. ಎಂಬ ವಾಹನ ಹೆಚ್ಚಾದಾಗ ಅಪಧಮನಿಯ ಗೋಡೆಯೊಳಗೆ ನುಗ್ಗಿ ಅಲ್ಲಿ ಕೊಲೆಸ್ಟೆರಾಲನ್ನು ಸೇರಿಸುತ್ತದೆ. ವರ್ಷಗಳು ಕಳೆದಂತೆ ಗೋಡೆ ಉಬ್ಬುತ್ತದೆ. ಒಂದು ದಿನ ಆ ಉಬ್ಬು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ ಅಥವಾ ಪಾರ್ಶ್ವವಾಯು. ಎಚ್.ಡಿ.ಎಲ್. ಎಂಬುದು ಕೊಲೆಸ್ಟೆರಾಲನ್ನು ಮರಳಿ ಯಕೃತ್ತಿಗೆ ಒಯ್ಯುವಂಥದು. ಅದು ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಅಪಾಯದ ಸೂಚನೆ. ಟ್ರೈಗ್ಲಿಸರೈಡ್ 150ರೊಳಗಿರಬೇಕು, ಅದು 500 ದಾಟಿದರೆ ಮೇದೋಜೀರಕ ಗ್ರಂಥಿಗೂ ಅಪಾಯ. ಒಟ್ಟು ಕೊಲೆಸ್ಟೆರಾಲ್ 200ರೊಳಗಿರುವುದು ಲೇಸು. 240 ದಾಟಿದರೆ ಹೆಚ್ಚು.

ಎಲ್.ಡಿ.ಎಲ್. ಅಂಕಿಯನ್ನು ಅನೇಕ ಪ್ರಯೋಗಾಲಯಗಳಲ್ಲಿ ನೇರವಾಗಿ ಅಳೆಯುವುದಿಲ್ಲ. 1972ರಿಂದ ಬಳಕೆಯಲ್ಲಿರುವ ಒಂದು ಲೆಕ್ಕದಿಂದ ತೆಗೆಯುತ್ತಾರೆ. ಒಟ್ಟು ಅಂಕಿಯಿಂದ ಎಚ್.ಡಿ.ಎಲ್.ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆಯಬೇಕು. ನನ್ನದನ್ನೇ ನೋಡಿರಿ: 248ರಲ್ಲಿ 38 ಕಳೆದು, 190ರ ಐದನೆಯ ಒಂದು ಭಾಗವಾದ 38ನ್ನು ಮತ್ತೆ ಕಳೆದರೆ ಉಳಿಯುವುದು 172. ಟ್ರೈಗ್ಲಿಸರೈಡ್ 400 ದಾಟಿದಾಗ ಈ ಲೆಕ್ಕ ನಿಲ್ಲುವುದಿಲ್ಲ. ಅದಕ್ಕಿಂತಲೂ ಸುಲಭವಾದ ಇನ್ನೊಂದು ಲೆಕ್ಕವಿದೆ: ಒಟ್ಟು ಅಂಕಿಯಿಂದ ಎಚ್.ಡಿ.ಎಲ್.ಅನ್ನು ಮಾತ್ರ ಕಳೆದರೆ ಸಿಗುವುದು ಹಾನಿಕರ ವಾಹನಗಳೆಲ್ಲದರ ಮೊತ್ತ. ಇದಕ್ಕೆ ‘ನಾನ್ ಎಚ್.ಡಿ.ಎಲ್.’ ಎನ್ನುತ್ತಾರೆ. ಊಟ ಮಾಡಿದ್ದರೂ ಈ ಅಂಕಿ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದಲೇ ಮೊದಲ ಪರೀಕ್ಷೆಗೆ ಉಪವಾಸ ಕಡ್ಡಾಯವೆಂದು ಈಗ ಹೇಳುವುದಿಲ್ಲ. ಟ್ರೈಗ್ಲಿಸರೈಡ್ ಬಹಳ ಹೆಚ್ಚು ಕಂಡರೆ ಮಾತ್ರ ಬರಿಹೊಟ್ಟೆಯಲ್ಲಿ ಮತ್ತೊಮ್ಮೆ ನೋಡುತ್ತಾರೆ.

ಇಷ್ಟು ತಿಳಿದ ಮಾತ್ರಕ್ಕೆ ಹಾಳೆಯನ್ನು ಓದಿದಂತಾಗಲಿಲ್ಲ. ಶಾಸ್ತ್ರ ಓದಿದವರಿಗೆ ‘ಸೈಂಧವ’ ಶಬ್ದದ ದೃಷ್ಟಾಂತ ಪರಿಚಿತ. ಆ ಶಬ್ದಕ್ಕೆ ಉಪ್ಪು ಎಂದೂ ಅರ್ಥವುಂಟು, ಕುದುರೆ ಎಂದೂ ಅರ್ಥವುಂಟು. ಊಟಕ್ಕೆ ಕುಳಿತವನು ಸೈಂಧವ ತರಲು ಹೇಳಿದರೆ ಉಪ್ಪು ತರಬೇಕು. ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ ತರಬೇಕು. ಶಬ್ದ ಒಂದೇ, ಪ್ರಕರಣ ಬೇರೆ. ಅಂಕಿಯೂ ಹಾಗೆಯೇ. ಎಲ್.ಡಿ.ಎಲ್. 98 ಎಂಬುದು ಬೇರಾವ ತೊಂದರೆಯೂ ಇಲ್ಲದ ಮೂವತ್ತರ ಯುವಕನಿಗೆ ಸಮಾಧಾನದ ಅಂಕಿ. ಹೃದಯಾಘಾತ ಆದವನಿಗೆ ಅದೇ ಎಚ್ಚರಿಕೆಯ ಗಂಟೆ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯರಿಗೆ ಎಲ್.ಡಿ.ಎಲ್. 100ರ ಕೆಳಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳುಳ್ಳವರಿಗೆ 70ರ ಕೆಳಗೆ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ 55ರ ಕೆಳಗೆ ಇರಬೇಕು. ಪ್ರಯೋಗಾಲಯದ ಹಾಳೆಯಲ್ಲಾದರೋ ಎಲ್ಲರಿಗೂ ಒಂದೇ ಮಿತಿ ಅಚ್ಚಾಗಿರುತ್ತದೆ. ಆ ಯಂತ್ರಕ್ಕೆ ನಮ್ಮ ವಯಸ್ಸು, ಕಾಯಿಲೆ, ಮನೆತನದ ಇತಿಹಾಸ ಯಾವುದೂ ತಿಳಿಯದು. ಅದನ್ನು ತಿಳಿದು ಅರ್ಥ ಹೇಳುವವರು ವೈದ್ಯರು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಹಿರಿಯಣ್ಣನವರು. ಅವರು ಒಕ್ಕಲುತನ ಮಾಡುವವರು. ತೆಳ್ಳನೆಯ ಮೈಕಟ್ಟು, ನಿತ್ಯ ಹೊಲದ ಓಡಾಟ. ಅವರಿಗೂ ಕೊಲೆಸ್ಟೆರಾಲ್ ಹೆಚ್ಚಿದೆಯೆಂದು ವೈದ್ಯರು ಗುಳಿಗೆ ಕೊಟ್ಟಿದ್ದರು. ಆರು ತಿಂಗಳ ನಂತರದ ವರದಿ ಚೆನ್ನಾಗಿ ಬಂತು. ರೋಗ ಹೋಯಿತೆಂದು ಅವರು ಗುಳಿಗೆ ನಿಲ್ಲಿಸಿದರು. ಬಹಳ ದಿನ ನುಂಗಿದರೆ ಯಕೃತ್ತು, ಮೂತ್ರಪಿಂಡ ಕೆಡುತ್ತವೆಂದು ನೆರೆಯವರು ಹೇಳಿದ್ದೂ ಅದಕ್ಕೆ ಜೊತೆಯಾಯಿತು. ಎರಡು ವರ್ಷಗಳ ತರುವಾಯ ಬಿತ್ತಿಗೆಯ ದಿನಗಳಲ್ಲಿ ಎದೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕುಳಿತುಬಿಟ್ಟರು. ವೇಳೆಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿದ್ದರಿಂದ, ರಕ್ತನಾಳದಲ್ಲಿ ಸ್ಟೆಂಟ್ ಇರಿಸಿದ್ದರಿಂದ ಉಳಿದರು. ನಾನು ನೋಡಲು ಹೋದಾಗ ಅವರು ಆಡಿದ ಮಾತು ಒಂದೇ: “ರಿಪೋರ್ಟ್ ಚೊಲೋ ಇತ್ತಲ್ಲೋ ತಮ್ಮಾ.” ಗುಳಿಗೆ ಬಿಟ್ಟದ್ದರಿಂದಲೇ ಹೀಗಾಯಿತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಆ ಎರಡು ವರ್ಷ ಅವರ ಹೃದಯಕ್ಕೆ ಇದ್ದ ಒಂದು ಕಾವಲು ಇಲ್ಲವಾಗಿತ್ತೆಂಬುದು ನಿಜ.

ಕೊಲೆಸ್ಟೆರಾಲ್ ಹೆಚ್ಚಾದರೆ ನೋವಿಲ್ಲ, ಜ್ವರವಿಲ್ಲ, ಆಯಾಸವಿಲ್ಲ. ಗುಳಿಗೆ ನುಂಗಿದರೂ ಮೈಗೆ ಹಗುರವೆನಿಸುವುದಿಲ್ಲ, ಬಿಟ್ಟರೂ ಭಾರವೆನಿಸುವುದಿಲ್ಲ. ಆದ್ದರಿಂದಲೇ ಬಿಡುವುದು ಸುಲಭ. ತರ್ಕದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ: ಒಂದು ಇದ್ದರೆ ಇನ್ನೊಂದು ಇರುವುದು, ಒಂದು ಇಲ್ಲದಿದ್ದರೆ ಇನ್ನೊಂದು ಇಲ್ಲದಿರುವುದು. ಗುಳಿಗೆ ಇದ್ದಾಗ ಅಂಕಿ ಇಳಿದಿರುತ್ತದೆ. ಗುಳಿಗೆ ಇಲ್ಲವಾದರೆ ಕೆಲವೇ ವಾರಗಳಲ್ಲಿ ಆ ಇಳಿತವೂ ಇಲ್ಲವಾಗುತ್ತದೆ. ಹೀಗಿರುವಾಗ ಒಳ್ಳೆಯ ವರದಿಯು ಚಿಕಿತ್ಸೆ ಮುಗಿಯಿತೆಂಬುದಕ್ಕೆ ಸಾಕ್ಷಿಯಲ್ಲ. ಚಿಕಿತ್ಸೆ ನಡೆಯುತ್ತಿದೆಯೆಂಬುದಕ್ಕೆ ಸಾಕ್ಷಿ.

ಈ ಗುಳಿಗೆಗಳಿಗೆ ಸ್ಟಾಟಿನ್ ಎಂದು ಹೆಸರು. ಇವುಗಳ ಮೂಲ ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರ ಶೋಧ. ಸಾವಿರಾರು ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ ಅವರು 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಇದರ ಮೊದಲ ರೂಪವನ್ನು ಪಡೆದರು. 1987ರಲ್ಲಿ ಅಮೆರಿಕದಲ್ಲಿ ಮೊದಲ ಸ್ಟಾಟಿನ್ ಬಳಕೆಗೆ ಬಂತು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾ ದೇಶಗಳ ಅಧ್ಯಯನದಲ್ಲಿ 4,444 ಹೃದ್ರೋಗಿಗಳಿದ್ದರು. ಗುಳಿಗೆ ಪಡೆದವರಲ್ಲಿ ಮರಣದ ಪ್ರಮಾಣ ಶೇಕಡಾ 30ರಷ್ಟು ತಗ್ಗಿತ್ತು. ಸ್ಟಾಟಿನ್ ಯಕೃತ್ತಿನ ಉತ್ಪಾದನೆಯನ್ನು ತಗ್ಗಿಸುತ್ತದೆ; ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದಲೇ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಅಡ್ಡಪರಿಣಾಮಗಳಿಲ್ಲವೆಂದಲ್ಲ. ಕೆಲವರಿಗೆ ಸ್ನಾಯುಗಳ ನೋವು ಬರುತ್ತದೆ. ರಕ್ತದ ಸಕ್ಕರೆ ಕೊಂಚ ಏರಬಹುದು. ಯಕೃತ್ತಿಗೆ ಗಂಭೀರ ತೊಂದರೆ ವಿರಳ. ತೊಂದರೆಯೆನಿಸಿದರೆ ವೈದ್ಯರಿಗೆ ಹೇಳಿ ಪ್ರಮಾಣವನ್ನೋ ಗುಳಿಗೆಯನ್ನೋ ಬದಲಾಯಿಸಿಕೊಳ್ಳಬೇಕೇ ಹೊರತು ತಾನಾಗಿಯೇ ಬಿಡಬಾರದು. ಗರ್ಭಿಣಿಯರೂ, ಗರ್ಭ ಧರಿಸಬಯಸುವವರೂ ಮುಂಚಿತವಾಗಿಯೇ ವೈದ್ಯರನ್ನು ಕೇಳುವುದು ಅಗತ್ಯ.

ಗುಳಿಗೆಯಿದ್ದ ಮಾತ್ರಕ್ಕೆ ಅಡುಗೆಮನೆಯ ಹೊಣೆ ತಪ್ಪದು. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಕೊಬ್ಬು; ಕೊಬ್ಬರಿ ಎಣ್ಣೆಯಲ್ಲಿ ಅದು ಇನ್ನೂ ಹೆಚ್ಚು. ನಮ್ಮ ಭಾಗದ ಶೇಂಗಾ, ಕುಸುಬೆ ಎಣ್ಣೆಗಳಲ್ಲಿ ಅದು ಕಡಿಮೆ. ಆದರೂ ಅಳತೆ ಮೀರಬಾರದು. ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟೆರಾಲ್ ಇಲ್ಲ’ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಸಸ್ಯಜನ್ಯ ಎಣ್ಣೆಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇದರಲ್ಲಿ ಆ ಡಬ್ಬಿಯ ಹೆಗ್ಗಳಿಕೆಯೇನೂ ಇಲ್ಲ. ನೋಡಬೇಕಾದುದು ಗಟ್ಟಿ ಕೊಬ್ಬು ಎಷ್ಟೆಂಬುದನ್ನು. ವನಸ್ಪತಿ, ಬೇಕರಿ ತಿನಿಸುಗಳಲ್ಲಿ ಬರುತ್ತಿದ್ದ ಟ್ರಾನ್ಸ್ ಕೊಬ್ಬಿಗೆ ಸರಕಾರವು 2022ರಿಂದ ಶೇಕಡಾ 2ರ ಮಿತಿ ಹಾಕಿದೆ; ಆದರೆ ಕರಿದ ಎಣ್ಣೆಯಲ್ಲಿಯೇ ಮತ್ತೆ ಮತ್ತೆ ಕರಿಯುವುದನ್ನು ನಾವೇ ನಿಲ್ಲಿಸಬೇಕು. ಟ್ರೈಗ್ಲಿಸರೈಡ್ ಏರಲು ಎಣ್ಣೆಗಿಂತಲೂ ಸಕ್ಕರೆ, ಮೈದಾ, ಅತಿಯಾದ ಅನ್ನ, ಮದ್ಯ ಇವೇ ಹೆಚ್ಚಿನ ಕಾರಣ. ಹಬ್ಬದ ಹೋಳಿಗೆ ಹಬ್ಬಕ್ಕಿರಲಿ, ವಾರವಾರವೂ ಬೇಡ.

ಹಿರಿಯರ ಊಟದಲ್ಲಿ ಔಷಧವೂ ಇತ್ತು. ಜೋಳದ ರೊಟ್ಟಿ, ಕಾಳಿನ ಪಲ್ಯ, ಹುರುಳಿ ಕಟ್ಟು, ಮೆಂತ್ಯ ಸೊಪ್ಪು ಇವು ನಾರುಳ್ಳ ಆಹಾರ. ಕಾಳುಗಳಲ್ಲಿಯೂ ಮೆಂತ್ಯದಲ್ಲಿಯೂ ಇರುವ ಕರಗುವ ನಾರು ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಹಾಕುತ್ತದೆ. ಅದನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟೆರಾಲನ್ನೇ ಬಳಸುತ್ತದೆ. ನಿತ್ಯ ಅರ್ಧ ಗಂಟೆಯ ಬಿರುಸಿನ ನಡಿಗೆ, ತಂಬಾಕಿನ ಸಂಪೂರ್ಣ ತ್ಯಾಗ ಇವೂ ಕೂಡಿದರೆ ಲಾಭ ಹೆಚ್ಚು. ಆದರೂ ಆಹಾರದಿಂದ ಇಳಿಯುವ ಅಂಕಿಗೆ ಒಂದು ಮಿತಿಯಿದೆ. ಮನೆತನದಿಂದ ಬಂದ ದೋಷಕ್ಕೆ ಪಥ್ಯವೊಂದೇ ಸಾಲದು.

ಮೂರು ತಿಂಗಳ ಪಥ್ಯ, ನಡಿಗೆ, ಗುಳಿಗೆಗಳ ನಂತರ ನನ್ನ ಎರಡನೆಯ ವರದಿ ಬಂತು: ಒಟ್ಟು 164, ಟ್ರೈಗ್ಲಿಸರೈಡ್ 140, ಎಚ್.ಡಿ.ಎಲ್. 40, ಎಲ್.ಡಿ.ಎಲ್. 96. ದಪ್ಪಕ್ಷರ ಒಂದೂ ಇರಲಿಲ್ಲ. “ಎಲ್ಲಾ ಚೊಲೋ ಬಂದೈತಿ, ಇನ್ನ ಗುಳಿಗಿ ಯಾಕ್ರೀ?” ಎಂದು ನನ್ನ ಮನೆಯವರು ಕೇಳಿದರು. ವೈದ್ಯರು ಹಾಳೆಯನ್ನು ನೋಡಿ, “ಬೇರೆಯವರಿಗೆ ಇದು ಸಾಕು, ನಿಮಗೆ ಸಾಲದು” ಎಂದರು. ಹತ್ತು ವರ್ಷಗಳಿಂದ ನನಗೆ ರಕ್ತದೊತ್ತಡವಿದೆ, ಒಡಹುಟ್ಟಿದವರಿಗೆ ಹೃದಯಾಘಾತವಾಗಿದೆ. ಸ್ಟಾಟಿನ್ನಿನ ಪ್ರಮಾಣವನ್ನು ಇಮ್ಮಡಿ ಮಾಡಿದರೂ ಎಲ್.ಡಿ.ಎಲ್. ಮತ್ತೆ ಇಳಿಯುವುದು ಸುಮಾರು ಶೇಕಡಾ 6ರಷ್ಟು ಮಾತ್ರವಂತೆ. ಆದ್ದರಿಂದ ಕರುಳಿನಲ್ಲಿ ಕೊಲೆಸ್ಟೆರಾಲ್ ಹೀರುವಿಕೆಯನ್ನು ತಡೆಯುವ ಎಜೆಟಿಮೈಬ್ ಎಂಬ ಇನ್ನೊಂದು ಗುಳಿಗೆಯನ್ನು ಕೂಡಿಸಿದರು. ಈಗ ಅಂಕಿ 73ಕ್ಕೆ ಇಳಿದಿದೆ. ಇನ್ನೂ ಕೊಂಚ ದಾರಿಯಿದೆ. ರಾತ್ರಿ ಊಟದ ನಂತರ ಗುಳಿಗೆಯನ್ನು ನೆನಪಿಸುವ ಹೊಣೆಯನ್ನು ಈಗ ಮನೆಯವರೇ ವಹಿಸಿಕೊಂಡಿದ್ದಾರೆ.

ಕಡೆಯಲ್ಲಿ ಎರಡು ಬಿನ್ನಹ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿಯೇ ಹೃದಯಾಘಾತವಾಗಿದ್ದರೆ, ಎಲ್.ಡಿ.ಎಲ್. 190 ದಾಟಿದ್ದರೆ, ಅವರ ಮಕ್ಕಳ, ಒಡಹುಟ್ಟಿದವರ ರಕ್ತವನ್ನೂ ಪರೀಕ್ಷಿಸಿರಿ. ಅನುವಂಶಿಕ ದೋಷವಾಗಿದ್ದರೆ ಅದು ಪ್ರತಿ ಮಗುವಿಗೂ ಇಳಿದಿರುವ ಸಂಭವ ಅರ್ಧಕ್ಕರ್ಧ. ಎರಡನೆಯದು ತಾಯಂದಿರ ವಿಷಯ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿಯೂ ಎಲ್.ಡಿ.ಎಲ್. ಏರುತ್ತದೆ. ಗಂಡನ ಪಥ್ಯ ನೋಡುವ, ಮಕ್ಕಳ ಗುಳಿಗೆ ಎಣಿಸಿಡುವ ಮನೆಯೊಡತಿಯ ಹೆಸರಿನ ಹಾಳೆ ಮಾತ್ರ ಆ ಕಟ್ಟಿನಲ್ಲಿ ಅನೇಕ ಮನೆಗಳಲ್ಲಿ ಸಿಗುವುದೇ ಇಲ್ಲ. ಮುಂದಿನ ಸಲ ಪರೀಕ್ಷೆಗೆ ಹೋಗುವಾಗ ಅವರನ್ನೂ ಕರೆದೊಯ್ಯಿರಿ. ಎಲ್ಲರ ಮನೆಯಲ್ಲಿಯೂ ಆರೋಗ್ಯ ನೆಲೆಗೊಳ್ಳಲೆಂದು ಹಾರೈಸುತ್ತೇನೆ.